ಒಂದು ತೆಗೆದರೆ ಇನ್ನೊಂದು

೨೦೨೪ರ ಮಾರ್ಚ್ ೨೧, ಬೆಳಿಗ್ಗೆ ೧೧.೨೦. ಚುನಾವಣೆಗೆ ಮುಂಚೆ ಕೋವಿ ಒಪ್ಪಿಸಲು ಪಿರಿಯಾಪಟ್ಟಣ ಠಾಣೆಯ ಮುಂದೆ ಸಾಲಿನಲ್ಲಿ ನಿಂತಿದ್ದೆವು. ನನ್ನ ಮುಂದೆ ಜೋಡಿನಳಿಗೆ ಕೋವಿ ಹಿಡಿದ ಹಾರನಹಳ್ಳಿಯ ಅಂಕಯ್ಯ. ಅವರ ಮುಂದೆ ನಟರಾಜು, ತೀರಿಹೋದ ಮಾವನ ಹಳೆಯ ಆಟೊಮ್ಯಾಟಿಕ್ ಕೋವಿಯೊಂದಿಗೆ.

“ಖಾಲಿ ತಾನೇನ್ಲಾ?” ಅಂಕಯ್ಯ ಕೇಳಿದರು.

“ಹೋದ್ವರ್ಸ ಮಾವ ಸತ್ತ ದಿನಾನೇ ಪಕ್ಕದ ಹಿಡಿ ಎಳ್ದು ತೋಟಾ ತೆಗ್ದೆ ಕಣಣ್ಣ.”

“ಎಷ್ಟು ತೆಗ್ದೆ?”

“ಒಂದು. ಇರೋದು ಒಂದೇ ನಳಿಗೆ ಅಲ್ವಾ?”

“ಅಯ್ಯೋ ಮಂಕೇ! ಇದು ಐದು ತೋಟಾದ್ದು. ಒಂದು ತೆಗುದ್ರೆ ಇನ್ನೊಂದು ತಾನೇ ಮೇಲಕ್ಕೆ ಬತ್ತದೆ. ಕೊಡಿಲ್ಲಿ.”

ಅಂಕಯ್ಯ ನಳಿಗೆಯನ್ನು ಮಣ್ಣಿಗೆ ತಿರುಗಿಸಿ ಆ ಹಿಡಿ ಎಳೆದರು. ತೋಟಾ ಬಿತ್ತು. ಮತ್ತೆ ಎಳೆದರು. ಒಟ್ಟು ನಾಲ್ಕು ಬಿದ್ದವು.

“ಅಣ್ಣಾ... ಅಪ್ಪನ ಗುರುತು ಅಂತ ನನ್ನೆಂಡ್ತಿ ವಾರವಾರ ಇದರ ಬಾಯಿನ ಎದೆಗೆ ಒರಗಿಸ್ಕೊಂಡು ಒರೆಸ್ತಾಳೆ.”

“ಟ್ರಿಗರ್‌ಗೆ ಕೈ ಹಾಕ್ತಾಳಾ?”

“ಅದಕ್ಕೂ ಕುಂಕುಮ ಇಡ್ತಾಳೆ.”

“ಟ್ರಿಗರ್ ಒತ್ತಕ್ಕಾಗದಂಗೆ ಸೇಫ್ಟಿ ಗುಂಡಿ ಹಾಕೈತೆ ನೋಡು. ನಿಮ್ಮಾವ ತೋಟಾ ಬುಟ್ಟೋದ್ರೂ ಮಗಳ್ನ ಉಳಿಸ್ಬುಟ್ಟ.”

ಒಳಗಿಂದ ಕರೆದರು. ನಟರಾಜು ತೋಟಾ ಮರೆತು ಕೋವಿಯನ್ನಷ್ಟೇ ತೆಗೆದುಕೊಂಡು ಹೊರಟ. ಅಂಕಯ್ಯನೇ ಹೆಕ್ಕಿಕೊಟ್ಟು ಜೊತೆಗೆ ಹೋದರು.

ನನ್ನದೂ ಅದೇ ಬಗೆಯ ಕೋವಿ. ಅದರ ಸೇಫ್ಟಿ ಗುಂಡಿ ಸರಿಯುವ ದೂರವನ್ನು ಅಳೆದಿದ್ದೇನೆ. ನಾಲ್ಕೇ ಮಿಲಿಮೀಟರ್.