ಒಂದು ಕೈಯಲ್ಲಿ ಎತ್ತುವಷ್ಟು

ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಬಸ್ಸಿಗೆ ಕಾಯುತ್ತಿದ್ದ ನಂದಾಳ ಪಕ್ಕದಲ್ಲೇ ಅತ್ತೆ-ಸೊಸೆ ಮಾತಾಡುತ್ತಿದ್ದರು. ಸೊಸೆಯ ಹೆಗಲಲ್ಲಿ ಬೇಸ್ ಗಿಟಾರು, ಕಾಲ ಬಳಿ ಡಬ್ಬಿಯಂಥ ಪುಟ್ಟ ಹೊಸ ಆಂಪ್ಲಿಫೈಯರು.

“ಬೇಸಿಗೆ ನುಣ್ಣಾನ ತಂತಿ ತಗೊಂಡೀನ್ರಿ ಅತ್ಯಾರ. ಬೆರಳು ಕೊಯ್ಯಂಗಿಲ್ಲ.”

“ಬೇಸ್ ಆತು ಬಿಡು.”

“ಬೇಸ್ ಅಂದ್ರ ಚಲೋ ಅಂತಲ್ರಿ, ದಪ್ಪ ದನಿ.”

“ದಪ್ಪ ದನಿ ಮನ್ಯಾಗ ನಂದೈತಲ್ಲ. ಹಳೇ ಡಬ್ಬಿ ಯಾಕ ಬ್ಯಾಡಾತು?”

“ಭಾಳ ಭಾರ್ರಿ. ನಿಮ್ಮ ಮಗ ಹೊತ್ರ ಅಷ್ಟ ನನ್ನ ಪ್ರೋಗ್ರಾಂ. ಹೋದ ಸಲ ಒಲ್ಲೆ ಅಂದ್ರು, ಮನ್ಯಾಗ ಕುಂತೆ.”



ವಾಗದರಿಯ ಬಸ್ಸು ಬಂತು. ಸೊಸೆ ಬಾಗುವ ಮೊದಲೇ ಅತ್ತೆ ಹೊಸ ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು.

“ಬೇಸ್ ಐತಿ. ಇನ್ನ ಅವನ್ನ ಕೇಳಬ್ಯಾಡ. ಹೇಳಿ ಹೋಗು.”

ನಂದಾ ಸರಿದು ದಾರಿ ಬಿಟ್ಟಳು. ಇಬ್ಬರೂ ಬಸ್ಸು ಹತ್ತಿದರು.