ಕದಲದ ಕ್ಯಾಮೆರಾದ ದುವಾರ್ತೆ ಸೆರ್ಪಾ

ರಜನಿ ಮೇಡಂ, ಡಲ್ಲಾಸ್, ಆಸ್ಟಿನ್‌ಗಳಿಂದ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್‌ಗೆ ಬಂದಿರುವ ಬಂಧುಗಳೇ — ನಮಸ್ಕಾರ. ನಾನು ಸಂಪತ್. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಎಂಜಿನಿಯರ್; ಶನಿವಾರ, ಭಾನುವಾರ ದಿವಂಗತ ದುವಾರ್ತೆ ಸೆರ್ಪಾ ಅವರ ಕ್ಯಾಮೆರಾ ಸಹಾಯಕನಾಗಿದ್ದೆ.

ಪೋರ್ಚುಗಲ್‌ನಲ್ಲಿ ಅವರು ದೊಡ್ಡ ನಿರ್ದೇಶಕರು. ಮೀನಿನ ಡಬ್ಬಿ ತುಂಬುವ ಹೆಂಗಸರು, ಪಿಂಚಣಿಗೆ ಕಾಯುವ ಮುದುಕರು — ಇಂಥವರನ್ನೇ ಕೂರಿಸಿ ಸಿನಿಮಾ ಮಾಡಿದವರು. ರಜನಿಯವರ ಕೈಹಿಡಿದು ಟೆಕ್ಸಸ್‌ಗೆ ಬಂದ ಮೇಲೂ ಶೈಲಿ ಬದಲಾಗಲಿಲ್ಲ. ಒಂದು ಕೋಣೆ, ಒಂದು ಕುರ್ಚಿ. ಕ್ಯಾಮೆರಾ ಕದಲುವುದಿಲ್ಲ. ಸಂಗೀತವಿಲ್ಲ. ಬಾಗಿಲು ತೆರೆದೇ ಇರುತ್ತದೆ — ಯಾರೂ ಹೊರಗೆ ಹೋಗುವುದಿಲ್ಲ. ನೋಡುವ ನಮಗೇ ಉಸಿರು ಕಟ್ಟುತ್ತದೆ. "ಏನ್ ಸಾರ್ ಇದು, ಆ ಕುರ್ಚಿಯಲ್ಲಿರೋ ಹೆಂಗಸು ಎದ್ದು ಹೋಗಬಾರದಾ?" ಎಂದು ಒಮ್ಮೆ ಕೇಳಿದೆ. "ನೀನಾಗಿದ್ರೆ ಹೋಗ್ತಿದ್ಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗ್ರೀನ್ ಕಾರ್ಡಿಗೆ ಕಾಯುತ್ತಾ ವರ್ಷಗಟ್ಟಲೆ ಒಂದೇ ಕೆಲಸದಲ್ಲಿ ಕೂತಿದ್ದವನು ನಾನು.

ಅವರದೊಂದು ಕಟ್ಟಪ್ಪಣೆಯಿತ್ತು. ಕ್ಯಾಮೆರಾ ಓಡಿಸಿ ನಮ್ಮನ್ನೆಲ್ಲ ಆಚೆ ಕಳಿಸಿ, ತಾವೊಬ್ಬರೇ ನಟಿಸುವವರ ಬೆನ್ನ ಹಿಂದೆ ಉಳಿಯುತ್ತಿದ್ದರು. 'ಕಟ್' ಎನ್ನುತ್ತಿರಲಿಲ್ಲ. ತಾವೇ ಎದುರಿಗೆ ಬಂದು ನಿಲ್ಲುವವರೆಗೆ ನಟಿಸುವವರು ಏಳಬಾರದು, ಹಿಂದೆ ತಿರುಗಬಾರದು. ಇಲ್ಲೇ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಡಾಕ್ಟರ್ ವಿಜಯಮ್ಮನವರೇ ಕೊನೆಯ ಚಿತ್ರದ ನಾಯಕಿ. ಅವರ ಮನೆಯಲ್ಲೇ ಶೂಟಿಂಗ್. ಮೊದಲ ದಿನ ಕುಕ್ಕರ್ ಕೂಗಿತು — ಆಂಟಿ ಎದ್ದೇಬಿಟ್ಟರು! ದುವಾರ್ತೆಯವರಿಗೆ ಬರುತ್ತಿದ್ದ ಒಂದೇ ಕನ್ನಡ: "ಕೂತ್ಕೊಳ್ಳಿ!" ಮತ್ತೆ ಶೂಟ್. ಈ ಸಲ ಬೇಳೆ ತಳ ಹಿಡಿದರೂ ಆಂಟಿ ಅಲುಗಲಿಲ್ಲ. ದುವಾರ್ತೆಗೆ ಎಷ್ಟು ಖುಷಿ ಅಂತೀರಿ! ಸೀದ ಬೇಳೆಯನ್ನೇ ಹಾಕಿಸಿಕೊಂಡು ಉಂಡರು.

ಕೊನೆಯ ದಿನವೂ — ಆಂಟಿ ಅಲುಗಲಿಲ್ಲ. ಬೆನ್ನ ಹಿಂದೆ ಏನೋ ಸದ್ದಾಯಿತು. ಕುರ್ಚಿ ಸರಿಸುತ್ತಿದ್ದಾರೆ ಅಂದುಕೊಂಡು ಕಿಟಕಿ ನೋಡುತ್ತಾ ಕೂತರು. ನಾವು ಗ್ಯಾರೇಜಿನಲ್ಲಿದ್ದೆವು. ಒಳಗೆ ಬರುವಷ್ಟರಲ್ಲಿ ದುವಾರ್ತೆಯವರ ಹೃದಯ ನಿಂತುಹೋಗಿತ್ತು.

ಆವತ್ತಿನಿಂದ ಆಂಟಿಯದು ಒಂದೇ ಮಾತು: "ಜೀವಮಾನವಿಡೀ ಡಾಕ್ಟರಾಗಿದ್ದವಳು ಕಣೋ ನಾನು. ಒಂದ್ಸಲ ತಿರುಗಿ ನೋಡಿದ್ದಿದ್ರೆ?"

ಉಳಿಯುತ್ತಿದ್ದರೋ ಏನೋ, ಆಂಟಿ — ನನಗೆ ಗೊತ್ತಿಲ್ಲ. ಸುಳ್ಳು ಸಮಾಧಾನ ಹೇಳಲಾರೆ. ಆದರೆ ನೀವಿನ್ನೂ ಆ ಕುರ್ಚಿ ಬಿಟ್ಟು ಎದ್ದಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಇವತ್ತು ರಜನಿ ಮೇಡಂ ತಾವೇ ಹೋಗಿ ನಿಮ್ಮನ್ನು ಎಬ್ಬಿಸಿಕೊಂಡು ಬಂದಿದ್ದಾರೆ. ಗಂಡನನ್ನು ಕಳೆದುಕೊಂಡವರು — ನಿಮ್ಮ ಕೈ ಬಿಟ್ಟಿಲ್ಲ, ನೋಡಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ದುವಾರ್ತೆಯವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ವಿಜಯಾ ಆಂಟಿ — ನೀವು ಮೌನವಾಗಿರಲೇಬೇಕು ಅಂತಿಲ್ಲ. ಅಳು ಬಂದರೆ ಜೋರಾಗಿ ಅತ್ತುಬಿಡಿ. ಇರಲಾಗದಿದ್ದರೆ ಹೊರಗೆ ಹೋಗಿ. ನಾವ್ಯಾರೂ ನಿಮ್ಮನ್ನು ಕೂರಿಸುವುದಿಲ್ಲ.