ಬಳಿ ಹಿಡಕೊಂಡರೂ ನಿಲ್ಲದ ಸಪ್ಪಳ

ಶರಣರೇ, ತಾಯಂದಿರೇ, ಇವತ್ತು ಪುರಾಣದ ಕಥಿ ಹೇಳಂಗಿಲ್ಲ. ಬ್ಯಾಡಗಿ ಕಡೆ ಒಬ್ಬ ಮೆಣಸಿನಕಾಯಿ ಸಾಹುಕಾರ ಇದಾನ, ಅಡಿವೆಪ್ಪ ಅಂತ. ಅವನ ಅಪ್ಪಣಿ ತಗೊಂಡೇ ಹೇಳತೀನಿ. "ಹೇಳ್ರಿ ಅಜ್ಜಾರ, ಆದ್ರ ನಾ ಕೂತಿರೋ ದಿನ ಹೇಳಬ್ಯಾಡ್ರಿ" ಅಂದಾನ. ಇವತ್ತು ಬಂದಿಲ್ಲ. ಎರಡು ಸಲ ನೋಡಿಕೊಂಡೀನಿ.

ಈ ಅಡಿವೆಪ್ಪ ಒಂದು ಟರ್ಬೊ ಕಾರು ತಗೊಂಡ. ಟರ್ಬೊ ಅಂದ್ರ ಏನು? ನನಗೂ ಗೊತ್ತಿರಲಿಲ್ಲ, ಮೆಕ್ಯಾನಿಕ್ ದಸ್ತಗೀರ ತಿಳಿಸಿ ಹೇಳಿದ. ಎಂಜಿನ್ನಿನಿಂದ ಹೊರಗ ಹೋಗೋ ಹೊಗಿ ಐತಲ್ಲ, ಅದರ ರಭಸಕ್ಕ ಒಂದು ಸಣ್ಣ ಚಕ್ರ ತಿರಗತೈತಿ. ಅದು ತಿರುಗಿದ್ರ ಅದರ ಜೋಡಿಗಿರೋ ಇನ್ನೊಂದು ಚಕ್ರ ಹೊರಗಿನ ಗಾಳಿನ ಎಂಜಿನ್ನಿನೊಳಗ ಒತ್ತಿ ತುಂಬತೈತಿ. ಗಾಳಿ ಹೆಚ್ಚಾದಂಗ ಪೆಟ್ರೋಲು ಹೆಚ್ಚು, ಪೆಟ್ರೋಲು ಹೆಚ್ಚಾದಂಗ ಜೋರು ಹೆಚ್ಚು. ಆದ್ರ ಎಲ್ಲಿತನಕ ತುಂಬೋದು? ನೋಡ್ರಿ, ಅದಕ್ಕ ಅಲ್ಲಿ ಸೆನ್ಸರು ಇಟ್ಟಾರ. ಒಂದು ಒತ್ತಡ ನೋಡತೈತಿ. ಒಂದು ಬಿಸಿ ನೋಡತೈತಿ. ಇನ್ನೊಂದು ಎಂಜಿನ್ನಿಗೆ ಕಿವಿ ಹಚ್ಚಿ ಕೂತಿರತೈತಿ, ಒಳಗ ಟಕ ಟಕ ಅಂತ ಬಡಿತ ಬಂತೇನು ಅಂತ. ಮೂರೂ ಹೋಗಿ ಕಂಪ್ಯೂಟರಿಗೆ ಹೇಳತಾವ. ಕಂಪ್ಯೂಟರು ಒಂದು ಸಣ್ಣ ಬಾಗಿಲಾ ತೆಗೆದು ಹೊಗಿನ್ನ ಚಕ್ರದ ಕಡೆ ಬಿಡದೇ, ಬ್ಯಾರೆ ಹಾದಿಗೆ ಕಳಸತೈತಿ. ಒತ್ತಡ ಇಳೀತೈತಿ. ಗಾಡಿ ಸಾವಕಾಶ ಆಗತೈತಿ, ಆದ್ರ ಉಳೀತೈತಿ.

ಒಂದಿನ ಬ್ಯಾಸಗಿ ಮಧ್ಯಾಹ್ನ. ಕಪ್ಪತಗುಡ್ಡದ ಏರು. ಡಿಕ್ಕಿ ತುಂಬ ಮೆಣಸಿನಕಾಯಿ ಚೀಲ. ಗಾಡಿ ಒಮ್ಮೆಲೇ ಮೆತ್ತಗಾತು. ಅಷ್ಟರಾಗ ಹಿಂದಿನಿಂದ ಅವನ ಬೀಗ, ಮಗಳನ್ನ ಕೊಟ್ಟ ಮನಿಯವ, ಹಳೇ ಕಾರಿನಾಗ ಬಂದು ಮುಂದ ಹೋದ. ಹೋದ್ರ ಹೋಗಲಿ, ಕಿಟಕಿಯಾಗಿಂದ ಕೈ ಬೀಸಿದ! ಬೀಗ ಕೈ ಬೀಸಿದ್ರ ಹೆಂಗಿರತೈತಿ ಅಂತ ಇಲ್ಲಿ ಕೂತ ಹೆಣ್ಣು ಕೊಟ್ಟವರಿಗೆ ಗೊತ್ತು.

ಸೀದಾ ದಸ್ತಗೀರನ ಗ್ಯಾರೇಜಿಗೆ ಬಂದ. ದಸ್ತಗೀರ ತಪಾಸ ಮಾಡಿ ಅಂದ: "ಸಾಹುಕಾರ್ರ, ಗಾಡಿ ಕೆಟ್ಟಿಲ್ರಿ. ಬಿಸಿಲು, ಏರು, ಭಾರ, ಪೆಟ್ರೋಲಿನ ಗುಣಾನೂ ಅಷ್ಟಕ್ಕಷ್ಟೇ. ಒಳಗ ಬಡಿತ ಬಂತು, ಕಂಪ್ಯೂಟರು ಒತ್ತಡ ಇಳಿಸ್ತು. ಎಂಜಿನ್ ಉಳೀತು."

"ಗಾಡಿ ನಂದು, ಕಾಲು ನಂದು. ನಡುವ ಬ್ಯಾಡ ಅನ್ನಾಕ ಅದ್ಯಾವುದು?"

"ಅದೂ ನಿಮ್ದೇ ಐತಲ್ರಿ," ಅಂದ ದಸ್ತಗೀರ.

ಕೇಳಲಿಲ್ಲ. ದೂರದ ಊರಿನಾಗ ಒಬ್ಬನ್ನ ಹುಡುಕಿ ಎಂಜಿನ್ನಿಗೆ ಒಂದು ಡಬ್ಬಿ ಕೂಡಿಸಿಕೊಂಡು ಬಂದ. ಆ ಡಬ್ಬಿ ಕೆಲಸ ಏನಪ್ಪಾ ಅಂದ್ರ, ಸುಳ್ಳು ಹೇಳೋದು! ಒತ್ತಡ ಮಿತಿ ಮೀರಿದ್ರೂ ಕಂಪ್ಯೂಟರಿಗೆ "ಏನಿಲ್ಲ, ಇನ್ನೂ ಕಡಿಮಿ ಐತಿ" ಅಂತೈತಿ. ಬಡಿತ ಕೇಳೋ ಸೆನ್ಸರಿನ ಮಾತನ್ನೂ ನಡುವ ತಡೀತೈತಿ. ಗಾಡಿ ಹಾರಾಕ ಹತ್ತಿತು. ಅಡಿವೆಪ್ಪ ಮೀಸಿ ತಿರುವಾಕ ಹತ್ತಿದ.

ಮುಂದಿನ ತಿಂಗಳು ಬೀಗರ ಹೊಸಾ ಮನಿ ಪ್ರವೇಶ. ನನ್ನನ್ನ ಕರಕೊಂಡು ಹೋಗೋ ಸೇವಾ ಅಡಿವೆಪ್ಪಂದು. ಅವ ಸ್ಟಿಯರಿಂಗ್ ಹಿಡಿದಾನ, ಪಕ್ಕದಾಗ ಹೆಂಡತಿ ನೀಲಗಂಗವ್ವ, ಹಿಂದ ನಾನು. ದಾರಿ ತೋರಸಾಕ ಮುಂದ ಬೀಗನ ಹಳೇ ಕಾರು. ಅದೇ ಏರು ಬಂತು. ಅಡಿವೆಪ್ಪ ಒತ್ತಿದ ನೋಡ್ರಿ ಕಾಲು, ನನ್ನ ರುಮಾಲು ಹಿಂದಿನ ಗ್ಲಾಸಿಗೆ ಹೋತು!

ನೀಲಗಂಗವ್ವ ಅಂದಳು: "ರೀ, ಏನೋ ಟಕ ಟಕ ಅಂತೈತಿ."

"ಏ, ಅದು ನಿನ್ನ ಕೈಯಾಗಿನ ಬಳಿ ಸಪ್ಪಳ."

ಆ ತಾಯಿ ಒಂದು ಕೈಲೆ ಇನ್ನೊಂದು ಕೈ ಬಳಿ ಗಟ್ಟಿ ಹಿಡಿದಳು. "ಹಿಡಕೊಂಡೀನ್ರಿ. ಈಗೂ ಅಂತೈತಿ."

"ಹಂಗಾರ ಕಿವಿ ಹಿಡಕೋ!" ಅಂದು ಕನ್ನಡಿಯಾಗ ನನ್ನ ನೋಡಿದ. "ಅಜ್ಜಾರ, ನಿಮಗೇನರ ಕೇಳತೈತೇನ್ರಿ?"

ನನಗ ಕೇಳತಿತ್ತು. ಚಲೋತ್ನಂಗ ಕೇಳತಿತ್ತು. ಆದ್ರ ಆ ದಿನ ಮುಂಜಾನೆ ಅವ ನಮ್ಮ ಮಠದ ಪ್ರಸಾದದ ಮನಿ ಮ್ಯಾಲ ಹೊಸಾ ತಗಡು ಹಾಕಸ್ತೀನಿ ಅಂದಿದ್ದ. ನಾನಂದೆ: "ಏನಿಲ್ಲಪಾ, ಚಲೋ ಹೊಂಟೈತಿ."

ಬೀಗನ ಕಾರು ದಾಟಿದ್ವಿ. ಅಡಿವೆಪ್ಪ ಕೈ ಬೀಸಾಕ ಕೈ ಎತ್ತಿದ. ಧಡ್! ನೀಲಿ ಹೊಗಿ. ಗಾಡಿ ನಿಂತಿತು, ಎತ್ತಿದ ಕೈ ಹಂಗೇ ಉಳೀತು.

ಬೀಗ ಒಳ್ಳೆಯವ. ನೀಲಗಂಗವ್ವನ್ನ, ನನ್ನನ್ನ ತನ್ನ ಕಾರಿನಾಗ ಕೂಡಿಸಿಕೊಂಡು, ಹಿಂದ ಹಗ್ಗ ಕಟ್ಟಿ ಟರ್ಬೊನ ಎಳಕೊಂಡು ಹೊಂಟ. ಸ್ಟಿಯರಿಂಗ್ ಹಿಡಿದು ಅಡಿವೆಪ್ಪ ಒಬ್ಬನೇ. ಮನಿ ಮುಂದ ಆರತಿ ಹಿಡಕೊಂಡು ನಿಂತವರೆಲ್ಲ ಆ ಮೆರವಣಿಗಿ ನೋಡಿದ್ರು.

ಆಮೇಲೆ ಗ್ಯಾರೇಜಿನಾಗ, ನೀಲಗಂಗವ್ವನೂ ನಾನೂ ನಿಂತಿದ್ದಾಗ, ದಸ್ತಗೀರ ಎಂಜಿನ್ ಬಿಚ್ಚಿ, ತೂತು ಬಿದ್ದ ಪಿಸ್ಟನ್ ಅವನ ಕೈಯಾಗ ಇಟ್ಟ. ಅಡಿವೆಪ್ಪ ಅದನ್ನ ತಿರುಗಿಸಿ ನೋಡಿದ. ಹೆಂಡತಿ ಕಡೆ ನೋಡಿದ. "ನೀ ಹೇಳಿದ್ದಿ," ಅಂದ. ಲಗ್ನಾದ ಇಪ್ಪತ್ತಾರು ವರ್ಷದಾಗ ಹಂಗ ಅಂದದ್ದು ಅದೇ ಮೊದಲಂತ. ಆಮೇಲೆ ನನ್ನ ಕಡೆ ತಿರುಗಿದ. "ಅಜ್ಜಾರ, ನಿಮಗೂ ಕೇಳಿತ್ತಲ್ರಿ?"

"ಕೇಳಿತ್ತಪಾ."

"ಮತ್ತ?"

ಕಾವಿ ಉಟ್ಟ ನಾನೂ ಆ ಡಬ್ಬಿ ಕೆಲಸಾನೇ ಮಾಡಿದ್ದೆ. ತಗಡಿನ ಆಸೆಗೆ.

ನಗಬ್ಯಾಡ್ರಿ, ನಿಮ್ಮ ಕಡೆ ಬರತೀನಿ. ನಿಮ್ಮ ಮನಿಯಾಗ "ಸಾಕು" ಅನ್ನೋರು ಯಾರು? ಅವರ ಮಾತಿಗೆ ನೀವು ಏನಂತೀರಿ? ಬಳಿ ಸಪ್ಪಳ ಅಂತೀರಲ್ಲ? ಡಾಕ್ಟರು ಉಪ್ಪು ಕಡಿಮಿ ಮಾಡ್ರಿ ಅಂದ್ರ ಡಾಕ್ಟರನ್ನ ಬದಲಿಸ್ತೀರಿ. ಹೌದಿಲ್ಲೋ? ನಾಳೆ ಮುಂಜಾನೆ ಚಾ ಕುಡಿಯೋ ಮುಂದ ಮನಿಯವರನ್ನ ಕೇಳ್ರಿ: "ನನ್ನ ಯಾವ ನಡತಿಗೆ ನಿಮಗ ಹೆದರಿಕಿ ಆಗತೈತಿ?" ಕೇಳಿ, ಅವರು ಹೇಳಿ ಮುಗಿಸೋತನಕ "ಆದ್ರ" ಅನ್ನಬ್ಯಾಡ್ರಿ. ಇನ್ನ, ಕೇಳಿಸಿದ್ರೂ ಕೇಳದಂಗ ಕೂಡೋರೇ, ಒಮ್ಮೆಯಾದ್ರೂ ಬಾಯಿ ಬಿಟ್ಟು ಹೇಳ್ರಿ. ಸಿಟ್ಟಾದ್ರ ಆಗಲಿ.

ನನ್ನಿಂದಲೇ ಶುರು ಮಾಡ್ರಿ. ಈ ಸ್ವಾಮಿ ಎಲ್ಲಿ ತಪ್ಪತಾನ, ಈಗ, ಇಲ್ಲೇ ಹೇಳ್ರಿ. ಯಾರೂ ಇಲ್ಲೇನು? ಅಗೋ, ಕಂಬದ ಹತ್ತಿರ ಅಜ್ಜಿ ಕೈ ಎತ್ತಿದಳು. ಮೈಕು ಅಲ್ಲಿ ಕೊಡ್ರಿ. ಹೂಂ, ಹೇಳವ್ವಾ, ಕೇಳತೀನಿ.